ಶತ್ರುವಿಗೆ ಯಾವ ಪ್ರಾಣಿಯ ರೂಪ?

ಅಮೆರಿಕದ ಲೇಖಕಿ ಮ್ಯಾಡೆಲಿನ್ ಲೆಂಗಲ್ 1986ರಲ್ಲಿ ಪ್ರಕಟಿಸಿದ ‘ಮೆನಿ ವಾಟರ್ಸ್’ ಕಾದಂಬರಿಯನ್ನು ಮಕ್ಕಳ ಕತೆ ಅಂತ ಪಕ್ಕಕ್ಕಿಡೋದು ಸುಲಭ. ಹಾಗೆ ಇಡಬಾರದು. ಈ ಕಾಲದ ಅವಳಿ ಹುಡುಗರಿಬ್ಬರು ಜಲಪ್ರಳಯಕ್ಕೆ ಮುಂಚಿನ ನೋಹನ ಮರಳುಗಾಡಿಗೆ ಹೋಗಿ ಬೀಳುತ್ತಾರೆ. ಅಲ್ಲಿ ಮನುಷ್ಯರ ನಡುವೆ ರೆಕ್ಕೆಯುಳ್ಳ ಎರಡು ಪಂಗಡಗಳಿವೆ. ದೇವರ ಕಡೆಯ ಸೆರಾಫಿಮರು ಒಂದು, ದೇವರಿಗೆ ಬೆನ್ನು ತಿರುಗಿಸಿದ ನೆಫಿಲಿಮರು ಇನ್ನೊಂದು. ಎರಡೂ ಪಂಗಡದವರು ಪ್ರಾಣಿರೂಪ ತಾಳಬಲ್ಲರು.

ಯಾರಿಗೆ ಯಾವ ಪ್ರಾಣಿ ಅನ್ನೋದೇ ಪ್ರಶ್ನೆ. ಸೆರಾಫಿಮರ ಪಾಲಿಗೆ ಸಿಂಹ, ಒಂಟೆ, ಜಿರಾಫೆ. ನೆಫಿಲಿಮರ ಪಾಲಿಗೆ ಮೊಸಳೆ, ನಾಗರಹಾವು, ಇಲಿ, ಜಿರಳೆ, ಸೊಳ್ಳೆ, ರಣಹದ್ದು. ಸೆಗಣಿಹುಳದ ಜಾತಿಯ ಜೀರುಂಡೆಯೊಂದು ದೇವರ ಕಡೆಗಿದೆ, ಸುಳ್ಳು ಹೇಳಬಾರದು. ಆದರೆ ಸತ್ತದ್ದನ್ನು ತಿಂದು ಊರು ಚೊಕ್ಕಟ ಮಾಡೋ ರಣಹದ್ದು ಯಾಕೆ ಪಾಪಿಯಾಯಿತು? ಹೊಲಸು ಮುಟ್ಟುವ ಜೀವವನ್ನು ಪಾಪದ ಲೆಕ್ಕಕ್ಕೆ ಬರೆಯುವ ಈ ಕೈ ನಮಗೆ ಹೊಸದಲ್ಲ.

ಮೂಲದಲ್ಲಿ ಏನಿದೆ? ಆದಿಕಾಂಡದ ಆರನೇ ಅಧ್ಯಾಯದಲ್ಲಿ ನೆಫಿಲಿಮರಿಗೆ ಸಿಗುವುದು ಒಂದೇ ವಚನ. ಅಲ್ಲಿ ಅವರು ದುಷ್ಟರು ಅನ್ನೋ ಮಾತಿಲ್ಲ. ಹಳೆಯ ಕಾಲದ ಶೂರರ ಪ್ರಸ್ತಾಪವಿದೆ. ಕೆಡುಕಿನ ಮಾತು ಬರೋದು ಮರುವಚನದಲ್ಲಿ, ಅದೂ ಮನುಷ್ಯರ ಮೇಲೆ. ಗ್ರೀಕ್ ಅನುವಾದವೂ 1611ರ ಇಂಗ್ಲಿಷ್ ಅನುವಾದವೂ ಇವರನ್ನು ಭಾರಿ ಮೈಯವರನ್ನಾಗಿಸಿದವು. ಕನ್ನಡದಲ್ಲಿ ನಾವು ‘ದೈತ್ಯರು’ ಅಂದುಬಿಟ್ಟರಂತೂ ಮುಗಿಯಿತು: ದಿತಿಯ ಮಕ್ಕಳು, ದೇವತೆಗಳ ವೈರಿಗಳು ಅನ್ನೋ ತೀರ್ಪು ಆ ಪದದೊಳಗೇ ಕೂತಿದೆ.

ಅರಣ್ಯಕಾಂಡದಲ್ಲಿ ಈ ಹೆಸರು ಮತ್ತೆ ಬರುತ್ತದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಜನ ಕಾನಾನ್ ನಾಡಿಗೆ 12 ಮಂದಿ ಗೂಢಚಾರರನ್ನು ಕಳಿಸುತ್ತಾರೆ. 10 ಮಂದಿ ಹೆದರಿ ಬರುತ್ತಾರೆ. ಅಲ್ಲಿರುವ ಅನಾಕರು ನೆಫಿಲಿಮರ ಪೈಕಿ, ಅವರೆದುರು ತಾವು ಬರೀ ಮಿಡತೆಗಳು ಅಂತ ವರದಿ ಒಪ್ಪಿಸುತ್ತಾರೆ. ಅದು ಇನ್ನೊಬ್ಬರು ಬಾಳುತ್ತಿದ್ದ ನೆಲ. ಯೆಹೋಶುವನ ಪುಸ್ತಕಕ್ಕೆ ಬರುವಷ್ಟರಲ್ಲಿ ಬೆಟ್ಟದ ಸೀಮೆಯ ಅನಾಕರು ನಾಶವಾಗಿದ್ದಾರೆ. ನಿನ್ನೆಯ ಗುಲಾಮನೂ ಇನ್ನೊಬ್ಬನ ನೆಲದ ಮುಂದೆ ನಿಂತಾಗ ಅವನನ್ನು ದೈತ್ಯನನ್ನಾಗಿ ಮಾಡಬಲ್ಲ. ಗೆಳೆಯರೇ, ಹೋರಾಟದಲ್ಲಿರುವವರು ಮರೆಯಬಾರದ ಮಾತಿದು.

ಜೋತಿಬಾ ಫುಲೆ 1873ರ ‘ಗುಲಾಮಗಿರಿ’ಯಲ್ಲಿ ಬಲಿಯನ್ನು ನೆಲ ಕಳಕೊಂಡ ಮೂಲನಿವಾಸಿಗಳ ರಾಜನಾಗಿ ಓದಿದರು. ಯಾರು ಕಳಕೊಂಡರು ಅಂತ ಫುಲೆ ಕೇಳಿದರು. ಯಾರು ಕೆಟ್ಟವರು ಅಂತಷ್ಟೇ ಲೆಂಗಲ್ ಕೇಳುತ್ತಾರೆ.

ಆದರೂ ಕಾದಂಬರಿ ತನ್ನ ಗೋಡೆಯನ್ನು ಎರಡು ಕಡೆ ತಾನೇ ಒಡೆಯುತ್ತದೆ. ನೋಹನ ಮಗಳು ಯಾಲಿತ್‌ಗೆ ನಾವೆಯಲ್ಲಿ ಜಾಗವಿಲ್ಲ, ಯಾಕಂದ್ರೆ ಹಳೆಯ ಕತೆಯಲ್ಲಿ ನೋಹನಿಗೆ ಹೆಣ್ಣುಮಕ್ಕಳೇ ಇಲ್ಲ. ಹೆಣ್ಣನ್ನು ದಾಖಲೆಯಿಂದಲೇ ಅಳಿಸಿದ ಈ ಅನ್ಯಾಯ ಲೇಖಕಿಯನ್ನು ಕಾಡಿದೆ. ಸೆರಾಫಿಮರು ಅವಳನ್ನು ಎತ್ತಿಕೊಂಡು ಹೋಗಿ ಉಳಿಸುತ್ತಾರೆ. ಇನ್ನು ನೋಹನ ಸೊಸೆ ಒಹೊಲಿಬಾಮಾ. ಅವಳ ಮೈಯಲ್ಲಿ ಹರಿಯೋದು ನೆಫಿಲಿಮ್ ರಕ್ತವೆಂಬ ಸೂಚನೆಯಿದೆ. ಅವಳು ನಾವೆ ಹತ್ತುತ್ತಾಳೆ. ಅಂದ್ರೆ ಪ್ರಳಯದಿಂದ ಉಳಿದ ಮನುಷ್ಯಕುಲದಲ್ಲಿ ‘ಶತ್ರು’ವಿನ ರಕ್ತವೂ ಬೆರೆತಿದೆ. ಶುದ್ಧರಕ್ತದ ಹಮ್ಮಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ?

ಲೇಖಕಿ ಈ ಎಳೆ ಹಿಡಿದು ಮುಂದೆ ಹೋಗಲಿಲ್ಲ. ಮೇಷ್ಟ್ರುಗಳು ಇಂಥ ಕತೆಯನ್ನು ತರಗತಿಯಲ್ಲಿ ಹೇಳುವಾಗ ಒಂದು ಪ್ರಶ್ನೆ ಸೇರಿಸಲಿ: ಈ ದೈತ್ಯನಿಗೆ ಬಾಯಿ ಇದ್ದಿದ್ದರೆ ಅವನು ಯಾವ ಕತೆ ಹೇಳುತ್ತಿದ್ದ?