ಹೋಲರ್ ನೆಟ್ಟಗೆ ನಿಲ್ಲಿಸಿದ ಕಂಬಗಳು

ಚೆನ್ನೈನ ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ ಹಳೆ ಫ್ಯಾನು, ಮಿಕ್ಸಿಗಳ ನಡುವೆ ಚೌಕಟ್ಟು ಕಳಚಿದ ಚಿತ್ರವೊಂದು ಸಿಕ್ಕಿತು. ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಒಳನೋಟ. ವೆನ್ಸೆಸ್ಲಾಸ್ ಹೋಲರ್ 1658ರಲ್ಲಿ ಮಾಡಿದ ಎಚಿಂಗ್. ಅಸಲಿಯಲ್ಲ ಅನ್ನುವುದು ಭೂತಗನ್ನಡಿ ಹಿಡಿದ ಕೂಡಲೇ ಗೊತ್ತಾಗುತ್ತದೆ, ಗೆರೆಗಳು ಚುಕ್ಕಿ ಚುಕ್ಕಿಯಾಗಿ ಒಡೆಯುತ್ತವೆ. ಅಸಲಿಯಲ್ಲಿ ಮೇಣ ಹಚ್ಚಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಮ್ಲಕ್ಕೆ ಕೊಟ್ಟು ಕೊರೆಸಿದ ಗೆರೆ ಇರುತ್ತದೆ. ಶಾಯಿ ಕೊಂಚ ಉಬ್ಬಿ ನಿಂತಿರುತ್ತದೆ, ಸುತ್ತ ತಗಡಿನ ಅಂಚು ಒತ್ತಿದ ಗುರುತು. ಆದರೂ ಹೋಲರನ ಕೈಗುಣ ತಿಳಿಯಲು ಈ ನಕಲು ಸಾಕು.

ಪ್ರಾಗ್‌ನಲ್ಲಿ ಹುಟ್ಟಿದ ಹೋಲರ್ ಇದನ್ನು ಮಾಡಿದ್ದು ವಿಲಿಯಂ ಡಗ್‌ಡೇಲ್ ಬರೆದ ಕೆಥೆಡ್ರಲ್ ಚರಿತ್ರೆಗಾಗಿ. ಗಾಥಿಕ್ ಅಂದೊಡನೆ ಮೈಸೂರಿನ ಸೇಂಟ್ ಫಿಲೋಮಿನಾವನ್ನೋ ಇಲ್ಲಿಯ ಸಾಂತೋಮ್ ಬಸಿಲಿಕಾವನ್ನೋ ನೆನೆಯುವವರಿಗೆ ಸಣ್ಣ ಅಚ್ಚರಿ ಕಾದಿದೆ. ಕೆಳಗಿನ ಕಮಾನುಗಳು ಅರ್ಧವೃತ್ತದವು, ನಾರ್ಮನ್ ಕಾಲದ ದಪ್ಪ ಕೆಲಸ. ಗಾಥಿಕ್ ಶುರುವಾಗುವುದು ತಲೆಯ ಮೇಲೆ, ಚಾವಣಿಯಲ್ಲಿ. ಹೋಲರ್ ಆ ಬೆಸುಗೆಯನ್ನು ಮರೆಮಾಚಿಲ್ಲ. ಬೆಳಕು ಸುರಿಸಿ ಭಕ್ತಿ ಹುಟ್ಟಿಸುವ ಉಮೇದೂ ಅವನಿಗಿಲ್ಲ. ಲೆಕ್ಕ ಬರೆಯುವ ಶಾನುಭೋಗನ ಹಾಗೆ ಒಂದೊಂದೇ ಕಂಬ ಸೇರಿಸುತ್ತ ಹೋಗುತ್ತಾನೆ. ಶುಷ್ಕ ಅನ್ನಿಸಿದರೆ ಅನ್ನಿಸಲಿ, ನನಗೆ ಆ ಶುಷ್ಕತನವೇ ಹಿಡಿಸಿತು.

ತಕರಾರು ಬೇರೆ ಕಡೆ ಇದೆ. ಈ ಸಾಲುಗಂಬಗಳ ನಡುವಿನ ಜಾಗಕ್ಕೆ ‘ಪಾಲ್ಸ್ ವಾಕ್’ ಎಂದು ಹೆಸರು. ಸುದ್ದಿ, ಹರಟೆ, ವ್ಯಾಪಾರ ಎಲ್ಲ ಅಲ್ಲೇ ನಡೆಯುತ್ತಿತ್ತು. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಸೈನಿಕರು ಕುದುರೆಗಳನ್ನೂ ಕಟ್ಟಿದರು. ಹೋಲರ್ ನೆಲವನ್ನು ಗುಡಿಸಿಟ್ಟಿದ್ದಾನೆ. ಸಂತೆಯಲ್ಲಿ ಕೊಂಡ ಚಿತ್ರದೊಳಗೆ ಸಂತೆಯೇ ಇಲ್ಲ!

ಅದಕ್ಕಿಂತ ದೊಡ್ಡ ತಕರಾರು ಕಂಬಗಳದ್ದು. ದಿನವೂ ಬೀಳುವ ಭಯದಲ್ಲಿರುವ ಈ ಕಟ್ಟಡದ ನೆನಪನ್ನು ಉಳಿಸುತ್ತಿದ್ದೇನೆ ಎಂಬರ್ಥದ ಮಾತನ್ನು ಹೋಲರನೇ ಲ್ಯಾಟಿನ್ನಿನಲ್ಲಿ ಕೆತ್ತಿದ್ದಾನೆ. 1666ರ ಆಗಸ್ಟ್‌ನಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್, ದಿನಚರಿಕಾರ ಜಾನ್ ಎವ್ಲಿನ್ ಮೊದಲಾದವರು ಹೋಗಿ ಪರೀಕ್ಷಿಸಿದಾಗ ಗೋಡೆಗಳು ಹೊರಕ್ಕೆ ವಾಲಿದ್ದವು. ಚಿತ್ರದಲ್ಲಿ ಒಂದು ಕಂಬವೂ ಕೊಂಕಿಲ್ಲ. ಬರಹ ಅಪಾಯ ಸಾರುತ್ತದೆ, ಗೆರೆ ಅಭಯ ಕೊಡುತ್ತದೆ. ಡಗ್‌ಡೇಲ್ ರಾಜಪಕ್ಷದವ, ಅವನ ಪುಸ್ತಕಕ್ಕೆ ಬೇಕಿದ್ದದ್ದು ಹಳೆಯ ವೈಭವ, ಇಂಜಿನಿಯರನ ವರದಿಯಲ್ಲ. ಪರೀಕ್ಷೆ ನಡೆದ ಹತ್ತು ದಿನದೊಳಗೆ ಲಂಡನ್ನಿನ ಮಹಾ ಬೆಂಕಿ ಕಟ್ಟಡವನ್ನೇ ಸುಟ್ಟಿತು. ಒಳಾಂಗಣದ ಅಂದ ತಿಳಿಯಬೇಕೆಂದರೆ ಹೋಲರನನ್ನು ನೋಡಿ. ಅದು ಎಷ್ಟು ಶಿಥಿಲವಾಗಿತ್ತು ಎಂಬುದಕ್ಕೆ ರೆನ್ ಮತ್ತು ಎವ್ಲಿನ್ ಬರೆದಿಟ್ಟದ್ದನ್ನೇ ಓದಬೇಕು.