ಜೀಬ್ರಾ ಪಟ್ಟಿ ಇಲ್ಲದ ಕಡೆ

ಆಫೀಸಿನ ಕ್ಯಾಂಟೀನಿನಲ್ಲಿ ಡ್ರೈವರಿಲ್ಲದ ಕಾರಿನ ಮಾತು ಬಂತು ಅಂದ್ರೆ ಯಾರಾದರೊಬ್ಬರು ಆ ಪ್ರಶ್ನೆ ಕೇಳೇ ಕೇಳ್ತಾರೆ. "ಮಗಾ, ಬ್ರೇಕ್ ಹೋಗಿದೆ ಅನ್ಕೋ. ನೇರ ಹೋದ್ರೆ ಮೂರು ಮಕ್ಕಳು, ಪಕ್ಕಕ್ಕೆ ತಿರುಗಿಸಿದ್ರೆ ಒಬ್ಬರು ಅಜ್ಜಿ. ಕಾರು ಯಾರನ್ನ ಉಳಿಸ್ಬೇಕು?" ಅಲ್ಲಿಂದ ಮುಂದೆ ಕಾಫಿ ಆರುವವರೆಗೂ ವಾದ. 2016ರಲ್ಲಿ ಅಮೆರಿಕದ ಎಂಐಟಿಯವರು ಇದೇ ಪ್ರಶ್ನೆ ಇಟ್ಟುಕೊಂಡು ‘ಮಾರಲ್ ಮಷೀನ್’ ಅಂತ ಒಂದು ಆನ್‌ಲೈನ್ ಆಟವನ್ನೇ ಮಾಡಿದ್ರು. 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಫಲಿತಾಂಶ ಬರುವಷ್ಟರಲ್ಲಿ ಜಗತ್ತಿನಾದ್ಯಂತ ಜನ ಸುಮಾರು 4 ಕೋಟಿ ತೀರ್ಪು ಕೊಟ್ಟಾಗಿತ್ತು. ಅದರಲ್ಲಿ ನನ್ನವೂ 13 ಇವೆ.

ಆಟ ಮಜವಾಗಿದೆ, ಸುಳ್ಳು ಹೇಳಲ್ಲ. ಆದರೆ ಅಲ್ಲಿ ಕಾರಿಗೆ ಎದುರಿಗಿರೋದು ಯಾರು ಅಂತ ಮೊದಲೇ ಗೊತ್ತಿರುತ್ತೆ. ಅಜ್ಜಿ ಅಂದ್ರೆ ಅಜ್ಜಿ, ಮಗು ಅಂದ್ರೆ ಮಗು. ಬಾಕಿ ಇರೋದು ಧರ್ಮಸಂಕಟ ಮಾತ್ರ. ನಿಜವಾದ ಕಾರಿನ ಸಂಕಟ ಅದಕ್ಕಿಂತ ತುಂಬಾ ಹಿಂದೆ ಶುರುವಾಗುತ್ತೆ. ಇದು ನನಗೆ ಅರ್ಥವಾಗಿದ್ದು ಯಾವ ತತ್ತ್ವಶಾಸ್ತ್ರದ ಪುಸ್ತಕದಿಂದಲೂ ಅಲ್ಲ, ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, 2019ರ ನವೆಂಬರಿನಲ್ಲಿ ಅಂಗೀಕರಿಸಿದ ಒಂದು ಅಪಘಾತದ ವರದಿಯಿಂದ. ನಮ್ಮ ಕಸುಬಿನವರು ಒಂದು ಭಾನುವಾರ ಕೂತು ಓದಲೇಬೇಕಾದ ಬರಹ ಅದು.

ಘಟನೆ ನಿಮಗೆ ನೆನಪಿರಬಹುದು. 2018ರ ಮಾರ್ಚ್ 18, ಅರಿಜೋನಾದ ಟೆಂಪಿ ಊರು, ರಾತ್ರಿ ಹತ್ತಕ್ಕೆ ಎರಡೇ ನಿಮಿಷ ಬಾಕಿ. ಉಬರ್‌ನವರು ಪರೀಕ್ಷೆಗೆ ಬಿಟ್ಟಿದ್ದ ವೋಲ್ವೋ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ 49 ವರ್ಷದ ಹೆಂಗಸಿಗೆ ಗುದ್ದಿತು. ಆಕೆ ಸತ್ತರು. ತಾನೇ ಓಡುವ ಕಾರು ಪಾದಚಾರಿಯೊಬ್ಬರನ್ನು ಕೊಂದ ಮೊದಲ ಪ್ರಕರಣ ಅದು.

ಕಾರಿಗೆ ಆಕೆ ಕಾಣಲಿಲ್ಲ ಅಂತಲೇ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಕಂಡಿದ್ದರು. ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಕಂಡಿದ್ದರು. ಆಗ ಕಾರಿನ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ನಿಲ್ಲಿಸೋಕೆ ಧಾರಾಳ ಟೈಮು. ಆದರೆ ಕಂಡದ್ದು ಏನು ಅಂತ ಸಾಫ್ಟ್‌ವೇರಿಗೆ ತೀರ್ಮಾನ ಆಗಲಿಲ್ಲ. ಮೊದಲು ‘ವಾಹನ’ ಅಂದಿತು. ಆಮೇಲೆ ‘ಇತರೆ’. ಮತ್ತೆ ವಾಹನ, ಮತ್ತೆ ಇತರೆ. ಕೊನೆ ಕೊನೆಗೆ ‘ಸೈಕಲ್’. ‘ಮನುಷ್ಯ’ ಅಂತ ಒಮ್ಮೆಯೂ ಅನ್ನಲಿಲ್ಲ. ಯಾಕಂದ್ರೆ ಜೀಬ್ರಾ ಪಟ್ಟಿ ಇಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದು ಅನ್ನೋದನ್ನ ಆ ವಿನ್ಯಾಸದಲ್ಲಿ ಪರಿಗಣಿಸಿರಲೇ ಇಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ವಸ್ತು ಎತ್ತ ಹೋಗ್ತಿದೆ ಅಂತ ಊಹಿಸೋಕೆ ಅದು ಇಲ್ಲಿಯವರೆಗೆ ಎಲ್ಲೆಲ್ಲಿತ್ತು ಅನ್ನೋದು ಗೊತ್ತಿರಬೇಕು ತಾನೇ? ಈ ಸಾಫ್ಟ್‌ವೇರು ಹೆಸರು ಬದಲಾಯಿಸಿದಾಗಲೆಲ್ಲ ಹಳೆಯ ಚಲನೆಯ ಲೆಕ್ಕವನ್ನು ಬಿಟ್ಟುಬಿಡುತ್ತಿತ್ತು. ವಾಹನ ಅಂದಾಗ ‘ಪಕ್ಕದ ಲೇನಿನಲ್ಲಿ ನೇರ ಹೋಗ್ತದೆ’. ಇತರೆ ಅಂದಾಗ ‘ನಿಂತಿದೆ’. ಎಡದಿಂದ ಬಲಕ್ಕೆ ಒಂದೇ ಸಮ ನಡೆದು ಬರುತ್ತಿದ್ದ ಹೆಂಗಸು ಅದರ ಲೆಕ್ಕದಲ್ಲಿ ಪ್ರತಿ ಸಲವೂ ಆಗತಾನೇ ಹುಟ್ಟಿದ ವಸ್ತು. ಕೋಡ್ ಬರೆಯುವವರಿಗೆ ಇಲ್ಲಿ ಹೊಟ್ಟೆಯೊಳಗೆ ಏನೋ ಆಗುತ್ತೆ. ಇದು ಧರ್ಮಸಂಕಟ ಅಲ್ಲ ಸ್ವಾಮಿ, ಯಾವುದೋ ಮಂಗಳವಾರ ಮಧ್ಯಾಹ್ನ ಯಾರೋ ಅಪ್ರೂವ್ ಮಾಡಿದ ಡಿಸೈನು.

ನಮ್ಮೂರು ಶಿರಾ ಹತ್ತಿರ, ಬೆಂಗಳೂರು–ಪುಣೆ ಹೈವೇ ಪಕ್ಕದಲ್ಲೇ. ರಸ್ತೆ ನಾಲ್ಕು ಲೇನ್ ಆದಾಗ ಮನೆ ಈ ಕಡೆ ಉಳೀತು, ಡೇರಿ ಆ ಕಡೆಗೆ ಹೋಯ್ತು. ಅಂಡರ್‌ಪಾಸು ಒಂದೂವರೆ ಕಿಲೋಮೀಟರ್ ದೂರ. ಅಪ್ಪ ಈಗಲೂ ಬೆಳಗ್ಗೆ ಆರಕ್ಕೆ ಕ್ಯಾರಿಯರಿಗೆ ಹಾಲಿನ ಕ್ಯಾನ್ ಕಟ್ಟಿ, ಸೈಕಲ್ ತಳ್ಳಿಕೊಂಡು, ಡಿವೈಡರಿನಲ್ಲಿ ಯಾರೋ ಒಡೆದು ಮಾಡಿರುವ ಸಂದಿಯಲ್ಲಿ ದಾಟುತ್ತಾರೆ. ಊರಿಗೆ ಊರೇ ಹಾಗೇ ದಾಟೋದು. ಟೆಂಪಿಯಲ್ಲೂ ಹೆಚ್ಚುಕಮ್ಮಿ ಇದೇ ಕತೆ. ಮಧ್ಯದ ಡಿವೈಡರಿನಲ್ಲಿ ಇಟ್ಟಿಗೆ ಹಾಸಿದ ದಾರಿ ಇತ್ತು, ನೋಡಿದವರಿಗೆ ‘ಬಾ, ಇಲ್ಲೇ ದಾಟು’ ಅನ್ನುವ ಹಾಗೆ. ಪಕ್ಕದಲ್ಲಿ ‘ಇಲ್ಲಿ ದಾಟಬೇಡಿ’ ಅಂತ ಬೋರ್ಡು. ಜೀಬ್ರಾ ಪಟ್ಟಿ 110 ಮೀಟರ್ ಆಚೆ. ಬೋರ್ಡು ಬರೆದವರೂ ಕೋಡ್ ಬರೆದವರೂ ನಂಬಿದ್ದು ಒಂದೇ ಮಾತನ್ನ.

ಕೊನೆಯ ಒಂದು ಸೆಕೆಂಡಿನ ವಿಚಾರ ಓದುವಾಗ ಮಾತ್ರ ನನಗೆ ಉಬರಿನ ಎಂಜಿನಿಯರುಗಳನ್ನು ಬಯ್ಯೋಕೆ ಬಾಯಿ ಬರಲಿಲ್ಲ. 1.2 ಸೆಕೆಂಡ್ ಬಾಕಿ ಇದ್ದಾಗ ಕಾರಿಗೆ ಅಪಾಯ ಗೊತ್ತಾಯ್ತು. ಗೊತ್ತಾದ ಮೇಲೆ ಒಂದು ಸೆಕೆಂಡ್ ಸುಮ್ಮನಿತ್ತು. ಹಾಗೆ ಸುಮ್ಮನಿರಲಿ ಅಂತಲೇ ಬರೆದಿದ್ದರು. ಇಲ್ಲದ ಅಪಾಯಕ್ಕೆಲ್ಲ ಹೆದರಿ ಕಾರು ಜೋರಾಗಿ ಬ್ರೇಕ್ ಒತ್ತಬಾರದಲ್ಲ, ಅದಕ್ಕೆ. ನಮ್ಮ ಟೀಮಿನಲ್ಲಿ ರಾತ್ರಿ ಎರಡು ಗಂಟೆಗೆ ಸರ್ವರ್ ಅಲಾರಂ ಹೊಡೆದು ಎಬ್ಬಿಸಿದಾಗ, ‘ಮೂರು ಸಲ ಫೇಲ್ ಆದ್ರೆ ಮಾತ್ರ ಎಬ್ಬಿಸು’ ಅಂತ ಬದಲಾಯಿಸಿದವನು ನಾನೇ. ನಿದ್ದೆಗೋಸ್ಕರ. ನಮ್ಮಲ್ಲಿ ಹೆಚ್ಚೆಂದರೆ ಯಾರದೋ ಆರ್ಡರ್ ತಡ ಆಗುತ್ತೆ. ಜೊತೆಗೆ ಆ ವೋಲ್ವೋದಲ್ಲಿ ಕಂಪನಿಯೇ ಕೊಟ್ಟಿದ್ದ ತುರ್ತು ಬ್ರೇಕನ್ನ ಉಬರಿನ ಸಾಫ್ಟ್‌ವೇರ್ ಓಡುವಾಗ ಆಫ್ ಮಾಡಿದ್ದರು.

ವರದಿಯ ಮೇಲೆ ನನಗಿರುವ ತಕರಾರು ಅದರ ಕೊನೆಯ ತೀರ್ಪಿನದು. ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೆ ‘ಸಂಭಾವ್ಯ ಕಾರಣ’ದಲ್ಲಿ ಮೊದಲ ಜಾಗ ಸಿಕ್ಕಿದ್ದು ಸೀಟಿನಲ್ಲಿ ಕೂತು ಫೋನ್ ನೋಡ್ತಿದ್ದ ಆಪರೇಟರಿಗೆ. ಕಂಪನಿಯ ದುರ್ಬಲ ಸುರಕ್ಷತಾ ಸಂಸ್ಕೃತಿ, ಸತ್ತವರ ದಾಟುವಿಕೆ, ರಾಜ್ಯದ ಸಾಲದ ಮೇಲ್ವಿಚಾರಣೆ, ಇವೆಲ್ಲ ‘ಕಾರಣಕ್ಕೆ ಸೇರಿದ ಅಂಶಗಳು’. ಫೋನ್ ನೋಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲು ಕಾರಿನಲ್ಲಿ ಇಬ್ಬರು ಇರುತ್ತಿದ್ದರು, ಒಬ್ಬರನ್ನು ತೆಗೆದದ್ದು ಕಂಪನಿ. ಗಂಟೆಗಟ್ಟಲೆ ಸರಿಯಾಗಿ ಓಡುವ ಯಂತ್ರವನ್ನು ಒಬ್ಬರೇ ಕೂತು ಕಣ್ಣು ಮಿಟುಕಿಸದೆ ಕಾಯಿರಿ ಅಂದ್ರೆ ಯಾರ ಕೈಲಾಗುತ್ತೆ? ಕಂಪನಿಯ ಮೇಲೆ ಕ್ರಿಮಿನಲ್ ಕೇಸು ನಿಲ್ಲಲ್ಲ ಅಂತ 2019ರಲ್ಲೇ ತೀರ್ಮಾನ ಆಯ್ತು. ಆಪರೇಟರ್ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ಪಡೆದದ್ದು 2023ರಲ್ಲಿ.

ಇದು ನಮಗ್ಯಾಕೆ ಅಂತೀರೇನೋ. ಡ್ರೈವರುಗಳ ಕೆಲಸ ಹೋಗುತ್ತೆ, ಇಂಥ ಕಾರನ್ನ ದೇಶಕ್ಕೆ ಬಿಡಲ್ಲ ಅಂತ ಗಡ್ಕರಿಯವರು 2023ರಲ್ಲೂ ಹೇಳಿದ್ದಾರೆ. ಇತ್ತ ಹೈದರಾಬಾದಿನ ಐಐಐಟಿಯವರು ಹೈದರಾಬಾದ್, ಬೆಂಗಳೂರು ಮತ್ತು ಸುತ್ತಮುತ್ತ ಕಾರು ಓಡಿಸಿ, 10,000 ಚಿತ್ರ ಸೇರಿಸಿ, 34 ವರ್ಗಗಳ ಒಂದು ದತ್ತಾಂಶ ಮಾಡಿದ್ದಾರೆ. ಜರ್ಮನಿಯ ರಸ್ತೆಗಳ ಪಟ್ಟಿಯಲ್ಲಿ ಇಲ್ಲದ ಆಟೋರಿಕ್ಷಾ ಅದರಲ್ಲಿದೆ, ಪ್ರಾಣಿ ಇದೆ. ಒಳ್ಳೇ ಕೆಲಸ, ಬೇಕಾದ ಕೆಲಸ. ಆದರೆ ಅದರಲ್ಲೂ ಯಾವುದಕ್ಕೂ ಸೇರದ ವಾಹನಕ್ಕೆ ಅಂತ ಒಂದು ಖಾನೆ ಇಟ್ಟಿದ್ದಾರೆ, ಇಡಲೇಬೇಕು. ಪಟ್ಟಿ ಎಷ್ಟು ಉದ್ದ ಮಾಡಿದರೂ ಸೋಗೆ ಹೇರಿದ ಟ್ರ್ಯಾಕ್ಟರೊಂದು ಹೊರಗೆ ಉಳಿದೇ ಉಳಿಯುತ್ತೆ. ನನ್ನ ಪ್ರಶ್ನೆ, ‘ಏನೋ ಗೊತ್ತಿಲ್ಲ, ಆದರೆ ಅಡ್ಡ ಬರ್ತಿದೆ’ ಅನ್ನುವಾಗ ಕಾರು ಏನು ಮಾಡಬೇಕು ಅಂತ ಬರೆದಿದ್ದಾರೆ ಅನ್ನೋದು. ಹೊಲದಲ್ಲಿ ಗೂಳಿಯೋ ಬಂಡೆಯೋ ಗೊತ್ತಾಗದ ಕತ್ತಲಲ್ಲಿ ನಮ್ಮಪ್ಪ ಮೊದಲು ನಿಲ್ತಾರೆ, ಆಮೇಲೆ ಟಾರ್ಚ್ ಬಿಡ್ತಾರೆ.

ಡ್ರೈವರಿಲ್ಲದ ಕಾರು ಬರದಿದ್ದರೂ ಅದರ ತಮ್ಮ ಆಗಲೇ ಬಂದಿದ್ದಾನೆ. ಕ್ಯಾಮೆರಾ, ರಾಡಾರ್ ನೋಡಿಕೊಂಡು ತಾನೇ ಬ್ರೇಕ್ ಹಾಕುವ ಅಡಾಸ್ ಈಗ ನಮ್ಮ ಇಎಂಐ ಕೈಗೆಟುಕುವ ಕಾರುಗಳಲ್ಲೇ ಸಿಗುತ್ತೆ. ಹೋದ ತಿಂಗಳು ಹಬ್ಬಕ್ಕೆ ಊರಿಗೆ ಹೊರಟಾಗ ಗೆಳೆಯನ ಹೊಸ ಕಾರಿನಲ್ಲಿ ಕೂತಿದ್ದೆ. ಕ್ಯಾಂಟೀನಿನಲ್ಲಿ ಅಜ್ಜಿ–ಮಕ್ಕಳ ಪ್ರಶ್ನೆ ಕೇಳುವವನೇ ಇವನು. ತುಮಕೂರು ದಾಟೋವರೆಗೂ ಬೈಕು, ಟೆಂಪೋ ಅಡ್ಡ ಬಂದಾಗಲೆಲ್ಲ ಕಾರು ಕಿಣಿಕಿಣಿ ಅಂತಿತ್ತು, ಎರಡು ಸಲ ತಾನೇ ಬ್ರೇಕ್ ಹಾಕಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. "ಸುಮ್‌ಸುಮ್ನೆ ಹೆದರ್ತದೆ ಗುರು ಇದು, ನಮ್ ರೋಡಿಗಲ್ಲ" ಅಂತ ಹೇಳಿ ಸ್ಕ್ರೀನಿನಲ್ಲಿ ಹುಡುಕಿ ಆಫ್ ಮಾಡಿದ.

ಮೂರು ಸಲ ಫೇಲ್ ಆದ್ರೆ ಮಾತ್ರ ಎಬ್ಬಿಸು ಅಂದವನು ನಾನು, ಏನಂತ ಹೇಳಲಿ? ಡಿವೈಡರಿನ ಸಂದಿ ಬರೋಕೆ ಹತ್ತು ಕಿಲೋಮೀಟರ್ ಇರುವಾಗ, "ಇಲ್ಲಿಂದ ಸ್ವಲ್ಪ ನಿಧಾನ ಹೋಗೋ" ಅಂದೆ ಅಷ್ಟೆ.