ಹನ್ನೆರಡು ತಿಂಗಳ ಮೋಹ

2009ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಇಂಟರ್‌ಗ್ರೂಪ್ 0139 ಅಧ್ಯಯನ ಇಂದಿಗೂ ಹೆಸರುವಾಸಿ, ಅದೂ ತಾನು ಸಾಧಿಸಿ ತೋರಿಸದ ಮಾತಿಗಾಗಿ. ಎದೆಯ ನಡುವಿನ ದುಗ್ಧಗ್ರಂಥಿಗಳಿಗೆ ಹಬ್ಬಿದ ಮೂರನೇ ಹಂತದ ಶ್ವಾಸಕೋಶ ಕ್ಯಾನ್ಸರ್‌ಗೆ ಕೀಮೋ, ರೇಡಿಯೇಷನ್ ಕೊಟ್ಟ ಬಳಿಕ ಶಸ್ತ್ರಚಿಕಿತ್ಸೆ ಮಾಡಬೇಕೆ, ಇಲ್ಲ ರೇಡಿಯೇಷನ್ನನ್ನೇ ಮುಂದುವರಿಸಬೇಕೆ? ಆಲ್ಬೇನ್ ಮತ್ತು ಸಂಗಡಿಗರು 396 ರೋಗಿಗಳಲ್ಲಿ ಕಂಡ ಉತ್ತರ: ಬದುಕಿನ ಮಧ್ಯಕ ಅವಧಿ ಒಂದು ಕಡೆ 23.6 ತಿಂಗಳು, ಇನ್ನೊಂದು ಕಡೆ 22.2. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಯುರೋಪಿನ ಇಒಆರ್‌ಟಿಸಿ 08941 ಅಧ್ಯಯನದಲ್ಲೂ 2007ರಲ್ಲೇ ಇದೇ ಕಥೆ. 0139ರಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನವರಲ್ಲಿ ಕಾಯಿಲೆ ಉಲ್ಬಣಿಸುವುದು ತುಸು ತಡವಾಯಿತು, ಒಪ್ಪೋಣ.

ಆದರೆ ಶಸ್ತ್ರಚಿಕಿತ್ಸೆಯ ಪರ ವಾದಿಸುವವರು ಎತ್ತಿ ಹಿಡಿಯುವುದು ಬೇರೆಯೇ ಅಂಕಿ. ಅದೇ 0139ರಲ್ಲಿ ಶ್ವಾಸಕೋಶದ ಒಂದು ಹಾಲೆ ಮಾತ್ರ ತೆಗೆಸಿಕೊಂಡವರು 33.6 ತಿಂಗಳು, ಅವರಿಗೆ ಸರಿಜೋಡಿಯೆಂದು ಆರಿಸಿದ ರೇಡಿಯೇಷನ್ ರೋಗಿಗಳು 21.7. ಈ ಜೋಡಿ ಕಟ್ಟಿದ್ದು ಹೇಗೆ? ವಯಸ್ಸು, ಲಿಂಗ, ದೇಹದ ಕಸುವು, ಗೆಡ್ಡೆಯ ಹಂತ ನೋಡಿ. ಎಲ್ಲವೂ ಚಿಕಿತ್ಸೆಗೆ ಮುಂಚಿನವು. ಹಾಲೆ ತೆಗೆಸಿಕೊಂಡವರಾದರೋ ಕೀಮೋ ತಡೆದುಕೊಂಡು, ಕಾಯಿಲೆ ಹಬ್ಬದೆ, ಆಪರೇಷನ್ ಟೇಬಲ್‌ವರೆಗೆ ಬಂದವರು. ನಡುವೆಯೇ ಸೋತವರು ಆ ಕಡೆಯ ಲೆಕ್ಕದಲ್ಲಿಲ್ಲ. ಎದುರು ಜೋಡಿಯಲ್ಲಿ ಅಂಥವರೂ ಇರಬಹುದು. ಓಟ ಅರ್ಧ ಮುಗಿದ ಮೇಲೆ ಓಟಗಾರರನ್ನು ಆರಿಸಿದ ಹಾಗೆ.

ನನ್ನನ್ನು ಇನ್ನೂ ಕಾಡುವುದು ಅದರ ಪಕ್ಕದ ಹೋಲಿಕೆ. ಒಂದು ಕಡೆಯ ಇಡೀ ಶ್ವಾಸಕೋಶ ತೆಗೆಸಿಕೊಂಡವರು 18.9 ತಿಂಗಳು, ಅವರ ಜೋಡಿ 29.4. ಒಂದೇ ರೇಡಿಯೇಷನ್ ಗುಂಪಿನಿಂದ ಹೆಕ್ಕಿದ ಎರಡು ಜೋಡಿಗಳ ನಡುವೆಯೇ ಸುಮಾರು ಎಂಟು ತಿಂಗಳ ಅಂತರ! ಶಸ್ತ್ರಚಿಕಿತ್ಸೆಯ ಗುಂಪಿಗೇ ಸೇರದವರ ಲೆಕ್ಕ ಇಷ್ಟು ಓಲಾಡುತ್ತಿರುವಾಗ ಹಾಲೆ ತೆಗೆಸಿಕೊಂಡವರ ಆ ಹನ್ನೆರಡು ತಿಂಗಳ ಲಾಭವನ್ನು ನಂಬುವುದು ಹೇಗೆ? ಲೇಖಕರೇ ಇದನ್ನು ಪರಿಶೋಧನಾತ್ಮಕ ವಿಶ್ಲೇಷಣೆ ಎಂದು ಕರೆದಿದ್ದರು. ಉದ್ಧರಿಸುವವರು ಆ ಎಚ್ಚರಿಕೆಯನ್ನು ಕೈಬಿಟ್ಟರು.

ಎತ್ತಿ ಹೇಳಬೇಕಾಗಿದ್ದದ್ದು ಸಾವಿನ ಲೆಕ್ಕ. ಇಡೀ ಶ್ವಾಸಕೋಶ ತೆಗೆದ 54 ಮಂದಿಯಲ್ಲಿ 14 ಜನ ಚಿಕಿತ್ಸೆಯ ಕಾರಣದಿಂದಲೇ ತೀರಿಕೊಂಡರು. ಹಾಲೆ ತೆಗೆದ 98 ಮಂದಿಯಲ್ಲಿ ಒಬ್ಬರು. ಹಾಗಾಗಿ ಎಷ್ಟು ಭಾಗ ಕತ್ತರಿಸಬೇಕಾದೀತೆಂದು ಕೀಮೋ ಔಷಧ ಸಿಸ್‌ಪ್ಲಾಟಿನ್‌ನ ಮೊದಲ ಹನಿ ಇಳಿಯುವ ಮುನ್ನವೇ ಶಸ್ತ್ರಚಿಕಿತ್ಸಕರು ರೋಗಿಗೆ ಹೇಳಲೇಬೇಕು.

ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಬಂದ ಮೇಲೆ ಈ ಹಳೆಯ ಜಗಳ ತೀರಿತೆನ್ನುವವರ ಜೊತೆ ನನಗೆ ತಕರಾರಿದೆ. 2022ರ ಚೆಕ್‌ಮೇಟ್ 816 ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಕೀಮೋ ಜೊತೆ ಅದನ್ನು ಕೊಟ್ಟಾಗ, ತೆಗೆದ ಭಾಗದಲ್ಲಿ ಕ್ಯಾನ್ಸರ್ ಕೋಶವೇ ಸಿಗದವರು ನೂರಕ್ಕೆ 24. ಬರೀ ಕೀಮೋದಲ್ಲಿ 2.2. ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಅಲ್ಲಿ ಎರಡೂ ಗುಂಪಿಗೆ ಮುಂದಿನ ಹೆಜ್ಜೆ ಶಸ್ತ್ರಚಿಕಿತ್ಸೆಯೇ ಆಗಿತ್ತು. ಕತ್ತರಿಸದೆ ರೇಡಿಯೇಷನ್ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಆ ಅಧ್ಯಯನ ಕೇಳಿಯೇ ಇಲ್ಲ.